ಘಟ್ಟ ಹತ್ತುವ ಗಾಡಿಯ ಎಂಜಿನ್ ಟ್ಯೂನಿಂಗ್: ಬರೆಯುವ ಮೊದಲು ಓದಲು ಕಲಿಯುವ ಕ್ರಮ

ಹಿಂದೆ ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ಲಾರಿ ಏದುಸಿರು ಬಿಟ್ಟರೆ ಪಂಪ್ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬಂದು, ಡೀಸೆಲ್ ಪಂಪಿನ ಸೀಲ್ ಒಡೆದು, ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ ಹೋಗುತ್ತಿದ್ದರು. ಪಿಕಪ್ ಬರುತ್ತಿತ್ತು, ಜೊತೆಗೆ ಕಪ್ಪು ಹೊಗೆಯೂ ಬರುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ, ಅಂದರೆ ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಭಾರೀ ಒತ್ತಡದ ಡೀಸೆಲ್ ಹೋಗುವ ಎಂಜಿನ್ನುಗಳಲ್ಲಿ, ಆ ಸ್ಕ್ರೂ ಇಲ್ಲ. ಅದರ ಕೆಲಸವನ್ನು ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆಯೊಳಗಿನ ನೂರಾರು ಅಂಕಿಗಳ ಕೋಷ್ಟಕಗಳು ಮಾಡುತ್ತವೆ. ಬಲ್ಲವರು ಅವನ್ನು ಮ್ಯಾಪ್ ಎನ್ನುತ್ತಾರೆ. ಲ್ಯಾಪ್‌ಟಾಪಿನಿಂದ ಆ ಮ್ಯಾಪುಗಳನ್ನು ಓದಲು, ಅರ್ಥ ಮಾಡಿಕೊಳ್ಳಲು ಮತ್ತು ಕಾನೂನು ಬಿಟ್ಟ ಜಾಗದಲ್ಲಿ ಮಾತ್ರ ತಿದ್ದಲು ಕಲಿಯುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಕುಮಟಾ–ಶಿರಸಿ ನಡುವೆ ಸರಕು ಸಾಗಿಸುವ 2.5 ಲೀಟರಿನ ಒಂದು ಪಿಕಪ್ ಗಾಡಿಯ ಮೇಲೆ ನಾನು ಕಲಿತ ಕ್ರಮವಿದು. ಈ ಕಲಿಕೆಯ ಮುಕ್ಕಾಲು ಪಾಲು ಬರೀ ಓದುವುದೇ ಆಗಿದೆ ಎಂಬುದನ್ನು ಆರಂಭದಲ್ಲೇ ತಿಳಿಸಿಬಿಡುತ್ತೇನೆ.

ಮೊದಲು ಕಾನೂನಿನ ಗಡಿ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ವಾಯುಮಾಲಿನ್ಯದ ಮಿತಿ ಮೀರಿದರೆ 190ನೇ ಕಲಮಿನಡಿ 10,000 ರೂಪಾಯಿವರೆಗಿನ ದಂಡ ಬೇರೆ. ಕೆಎ-30 ಇರಲಿ, ಕೆಎ-31 ಇರಲಿ, ರಸ್ತೆಯಲ್ಲಿ ಓಡುವ ಗಾಡಿಯ ಮ್ಯಾಪ್ ತಿದ್ದಿ ಶಕ್ತಿ ಹೆಚ್ಚಿಸುವುದು, ಹೊಗೆ ಶುದ್ಧೀಕರಿಸುವ ಡಿಪಿಎಫ್ ಅಥವಾ ಯೂರಿಯಾ ವ್ಯವಸ್ಥೆಯನ್ನು ಸಾಫ್ಟ್‌ವೇರಿನಿಂದ ಮುಚ್ಚಿಬಿಡುವುದು, ಸಾಗಣೆ ವಾಹನಗಳಿಗೆ ನಿಗದಿಯಾದ 80 ಕಿಲೋಮೀಟರ್ ವೇಗಮಿತಿಯನ್ನು ತೆಗೆಯುವುದು, ಇವೆಲ್ಲ ಈ ಗಡಿಯ ಆಚೆಗಿನ ಕೆಲಸಗಳು. ವಾರಂಟಿ ಹೋಗುತ್ತದೆ, ಅಪಘಾತವಾದಾಗ ವಿಮಾ ಕಂಪನಿಗೆ ತಕರಾರು ತೆಗೆಯಲು ಕಾರಣವೂ ಸಿಗುತ್ತದೆ.

ಹಾಗಾದರೆ ಕಲಿಯುವುದೇನನ್ನು? ಎಂಜಿನ್ನಿನ ದತ್ತಾಂಶ ಓದುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮೇಜಿನ ಮೇಲೆ ಹಳೆಯ ಇಸಿಯು ಇಟ್ಟುಕೊಂಡು ಓದಿ ಬರೆದು ಅಭ್ಯಾಸ ಮಾಡಲೂ ಅಡ್ಡಿಯಿಲ್ಲ. ಬದಲಾಯಿಸಿದ ಮ್ಯಾಪನ್ನು ನೋಂದಣಿ ರದ್ದಾಗಿ ತೋಟದೊಳಗೆ ಮಾತ್ರ ಓಡುವ ಗಾಡಿಯಲ್ಲಿ ಪ್ರಯತ್ನಿಸಬಹುದು. ನನ್ನ ರಸ್ತೆ ಗಾಡಿಯಲ್ಲಿ ಈಗ ಇರುವುದು ಕಂಪನಿಯ ಮೂಲ ಫೈಲೇ. ಅದು ಹೇಗೆ ಮರಳಿ ಬಂತೆಂಬುದನ್ನು ಮುಂದೆ ಹೇಳುತ್ತೇನೆ.

ಸಲಕರಣೆ ಮತ್ತು ಜೋಡಣೆ

ಚಾಲಕರ ಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಕೆಳಗೆ ಎಂಜಿನ್ನಿನ ದತ್ತಾಂಶ ಓದಲು 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ. ಅದರ 16ನೇ ಪಿನ್ನಿನಲ್ಲಿ ಬ್ಯಾಟರಿಯ ಪಾಸಿಟಿವ್, 4 ಮತ್ತು 5ರಲ್ಲಿ ಅರ್ಥ್, 6 ಮತ್ತು 14ರಲ್ಲಿ ಕ್ಯಾನ್ ಎಂಬ ಸಂವಹನ ತಂತಿಗಳು ಬರುತ್ತವೆ. ಭಾರೀ ಲಾರಿಗಳಲ್ಲಿ ದುಂಡಗಿನ 9 ಪಿನ್ನಿನ ಸಾಕೆಟ್ ಇರಬಹುದು, ಅಲ್ಲಿನ ಭಾಷೆ ಜೆ1939. ಪಿಕಪ್ ಗಾಡಿಗಳು 12 ವೋಲ್ಟಿನವಾದರೆ ದೊಡ್ಡ ಲಾರಿಗಳು 24 ವೋಲ್ಟಿನವು. ಈ ಸಾಕೆಟ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಅಡಾಪ್ಟರ್ ಬೇಕು. ಕಾರಿಗೆಂದು ಮಾಡಿದ ಅಗ್ಗದ ಅಡಾಪ್ಟರನ್ನು 24 ವೋಲ್ಟಿಗೆ ಚುಚ್ಚಿದರೆ ಅದು ಸುಟ್ಟುಹೋಗುವ ಸಂಭವವಿದೆ; ಆದ್ದರಿಂದ ಕೊಳ್ಳುವ ಮೊದಲು ಡಬ್ಬದ ಮೇಲಿನ ವೋಲ್ಟೇಜನ್ನು ಓದಬೇಕು.

ಲ್ಯಾಪ್‌ಟಾಪ್ ತೆರೆಯುವುದಕ್ಕಿಂತ ಮುಂಚೆ ಮಲ್ಟಿಮೀಟರ್ ತೆಗೆಯಿರಿ. ಚಾವಿ ತೆಗೆದು, ಬ್ಯಾಟರಿಯ ತಂತಿ ಬಿಚ್ಚಿ, 6 ಮತ್ತು 14ನೇ ಪಿನ್ನುಗಳ ನಡುವಿನ ರೋಧವನ್ನು ಅಳೆಯಿರಿ. ಕ್ಯಾನ್ ತಂತಿಯ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಮೀಟರು 60ರ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಎಲ್ಲೋ ಒಂದು ತುದಿ ಕಡಿದಿದೆ ಎಂದರ್ಥ. ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತಿಗೆ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ. ಕರಾವಳಿಯ ಗಾಡಿಗಳಿಗೆ, ಅದರಲ್ಲೂ ಐಸ್ ಕರಗಿದ ಉಪ್ಪುನೀರು ಸುರಿಸುತ್ತ ಓಡುವ ಮೀನಿನ ಗಾಡಿಗಳಿಗೆ, ಈ ಪರೀಕ್ಷೆ ಬಿಡುವಂತಿಲ್ಲ. ಸೆನ್ಸರ್ ಕನೆಕ್ಟರಿನೊಳಗೆ ಹಸಿರು ಕಿಲುಬು ಕಟ್ಟಿದ್ದರೆ ಪರದೆಯ ಮೇಲಿನ ಅಂಕಿಗಳೇ ಸುಳ್ಳು ಹೇಳುತ್ತವೆ.

ಇನ್ನೊಂದು ಎಚ್ಚರಿಕೆ. ಹಳೆಯ ಎಂಜಿನ್ನುಗಳಲ್ಲಿ ಏರ್ ಹಿಡಿದಾಗ ನಾಜಲ್ ಪೈಪಿನ ನಟ್ ಸಡಿಲಿಸಿ, ಸ್ಟಾರ್ಟರ್ ತಿರುಗಿಸಿ ಗಾಳಿ ಬಿಡುತ್ತಿದ್ದೆವು. ಕಾಮನ್ ರೈಲಿನಲ್ಲಿ ಹಾಗೆ ಮಾಡಲೇಬಾರದು. ಐಡಲ್‌ನಲ್ಲೇ ರೈಲಿನ ಒತ್ತಡ ಸುಮಾರು 300 ಬಾರ್ ಇರುತ್ತದೆ, ಪೂರ್ಣ ಭಾರದಲ್ಲಿ ಹಲವು ಎಂಜಿನ್ನುಗಳಲ್ಲಿ 1,600 ಬಾರ್ ದಾಟುತ್ತದೆ. ಕೂದಲೆಳೆಯಂಥ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋದರೆ ಗಾಯ ಸಣ್ಣದಾಗಿ ಕಂಡರೂ ಬೆರಳನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಹಾಗೇನಾದರೂ ಆದರೆ ನೋವಿಲ್ಲವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಂಕಿ ಓದುವ ಅಭ್ಯಾಸ

ಸ್ಕ್ಯಾನರ್ ಆ್ಯಪ್ ಎಲ್ಲವನ್ನೂ ಸುಂದರ ಗಡಿಯಾರಗಳಲ್ಲಿ ತೋರಿಸುತ್ತದೆಯಾದರೂ, ಒಂದೆರಡು ಅಂಕಿಗಳನ್ನು ಕೈಯಾರೆ ಬಿಡಿಸಿ ನೋಡುವುದು ಒಳ್ಳೆಯದು. ಓಬಿಡಿಯಲ್ಲಿ ಎಂಜಿನ್ ವೇಗ ಕೇಳಿದಾಗ ಎರಡು ಬೈಟುಗಳ ಉತ್ತರ ಬರುತ್ತದೆ. ಹದಿನಾರರ ಮಾನದಲ್ಲಿ 18 60 ಎಂದು ಬಂದಿದೆ ಎನ್ನೋಣ. ನಮ್ಮ ಹತ್ತರ ಮಾನದಲ್ಲಿ ಅವು 24 ಮತ್ತು 96. 24ನ್ನು 256ರಿಂದ ಗುಣಿಸಿ 96 ಕೂಡಿಸಿದರೆ 6,240. ಅದನ್ನು 4ರಿಂದ ಭಾಗಿಸಿದರೆ ನಿಮಿಷಕ್ಕೆ 1,560 ಸುತ್ತು. ಜೆ1939ರಲ್ಲಿ ಇದೇ ಮಾಹಿತಿ 61444 ಸಂಖ್ಯೆಯ ಸಂದೇಶದ 4 ಮತ್ತು 5ನೇ ಬೈಟುಗಳಲ್ಲಿ ಬರುತ್ತದೆ, ಆದರೆ ಅಲ್ಲಿ ಚಿಕ್ಕ ಬೈಟು ಮೊದಲು. 68 13 ಎಂದು ಬಂದರೆ 13ನ್ನು ಮುಂದಿಟ್ಟು 68ನ್ನು ಹಿಂದಿಟ್ಟು ಓದಬೇಕು: ಅದು 4,968 ಆಗುತ್ತದೆ, 0.125ರಿಂದ ಗುಣಿಸಿದರೆ 621 ಸುತ್ತು. ಈ ತಲೆಕೆಳಗಿನ ಲೆಕ್ಕವನ್ನು ಇಲ್ಲೇ ಮನಗಂಡರೆ ಮುಂದೆ ಮ್ಯಾಪ್ ಫೈಲ್ ತೆರೆದಾಗ ಗೊಂದಲವಾಗದು. ಬಾಷ್ ಕಂಪನಿಯ ಇಡಿಸಿ16 ಪೆಟ್ಟಿಗೆಗಳು ದೊಡ್ಡ ಬೈಟನ್ನು ಮೊದಲು ಬರೆದರೆ ಇಡಿಸಿ17 ಪೆಟ್ಟಿಗೆಗಳು ಚಿಕ್ಕದನ್ನು ಮೊದಲು ಬರೆಯುತ್ತವೆ. ತಪ್ಪು ಕ್ರಮದಲ್ಲಿ ಓದಿದರೆ ಚಂದದ ಮ್ಯಾಪು ಮೊಳೆಗಳ ರಾಶಿಯಂತೆ ಕಾಣುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿರುವವರಿಗೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡದ ಸೆನ್ಸರನ್ನು ಖರ್ಚಿಲ್ಲದೆ ಪರೀಕ್ಷಿಸುವ ಅನುಕೂಲವೊಂದಿದೆ. ಕುಮಟಾದಲ್ಲಿ ಎಂಜಿನ್ ಸ್ಟಾರ್ಟ್ ಮಾಡದೆ ಚಾವಿ ಮಾತ್ರ ತಿರುಗಿಸಿ ನೋಡಿದರೆ ಆ ಸೆನ್ಸರು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು, ಅಂದರೆ 100 ಅಥವಾ 101 ಕಿಲೋಪಾಸ್ಕಲ್. ಅದೇ ಗಾಡಿಯನ್ನು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಒಯ್ದು ಎಂಜಿನ್ ಆರಿಸಿ ಚಾವಿ ತಿರುಗಿಸಿದರೆ 94ರ ಹತ್ತಿರ ಬರಬೇಕು. ಎರಡೂ ಕಡೆ ಒಂದೇ ಅಂಕಿ ಬಂದರೆ, ಅಥವಾ ಶಿರಸಿಯಲ್ಲಿ ಹೆಚ್ಚು ತೋರಿಸಿದರೆ, ಆ ಸೆನ್ಸರನ್ನು ನಂಬಿ ಮುಂದಿನ ಯಾವ ಲೆಕ್ಕವನ್ನೂ ಮಾಡಬಾರದು.

ಘಟ್ಟದ ದಾಖಲೆ

ಈಗ ಲಾಗ್, ಅಂದರೆ ಓಡುವಾಗಿನ ದಾಖಲೆ. ಸಪಾಟು ಹೆದ್ದಾರಿ 66ರಲ್ಲಿ ಎಂಜಿನ್ ತನ್ನ ಗುಟ್ಟು ಬಿಡುವುದಿಲ್ಲ, ಏರು ಬೇಕು. ದೇವಿಮನೆಯಾಗಲಿ, ಅಂಕೋಲಾ–ಯಲ್ಲಾಪುರದ ಅರಬೈಲಾಗಲಿ, ಕಾರವಾರದ ಕಡೆಯವರಿಗೆ ಅಣಶಿಯಾಗಲಿ ಆಗಬಹುದು. ಒಂದೇ ಘಟ್ಟ, ಒಂದೇ ಭಾರ, ಒಂದೇ ಗೇರ್, ಸಾಧ್ಯವಾದರೆ ಬೆಳಗಿನ ಒಂದೇ ಹೊತ್ತು ಎಂದು ನಿಗದಿ ಮಾಡಿಕೊಳ್ಳಿ. ಗಾಡಿ ಓಡಿಸುವವರು ಬೇರೆ, ಲ್ಯಾಪ್‌ಟಾಪ್ ನೋಡುವವರು ಬೇರೆ ಇರಲೇಬೇಕು. ಹೇರ್‌ಪಿನ್ ತಿರುವಿನಲ್ಲಿ ಒಬ್ಬರೇ ಎರಡು ಕೆಲಸ ಮಾಡಲು ಹೋಗಬಾರದು.

ಅಗ್ಗದ ಅಡಾಪ್ಟರು ಸೆಕೆಂಡಿಗೆ ಕೆಲವೇ ಓದುಗಳನ್ನು ಕೊಡುವುದರಿಂದ ಇಪ್ಪತ್ತು ವಿವರ ಒಟ್ಟಿಗೆ ಕೇಳಿದರೆ ಎಲ್ಲವೂ ಹಳಸಲಾಗಿ ಬರುತ್ತವೆ. ಆರು ಸಾಕು: ಎಂಜಿನ್ ವೇಗ, ಪೆಡಲಿನ ಶೇಕಡಾ ಪ್ರಮಾಣ, ಗಾಳಿಯ ಒತ್ತಡ, ಒಳಬರುವ ಗಾಳಿಯ ಉಷ್ಣತೆ, ರೈಲ್ ಒತ್ತಡ, ಕೂಲಂಟ್ ಉಷ್ಣತೆ. ಇಸಿಯು ಎಷ್ಟು ಬೂಸ್ಟ್, ಅಂದರೆ ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ, ಬೇಕೆಂದು ಕೇಳುತ್ತಿದೆ ಎಂಬ ಅಂಕಿ ಸಾಮಾನ್ಯ ಆ್ಯಪುಗಳಲ್ಲಿ ಸಿಗದೆ ಇರಬಹುದು, ಅದಕ್ಕೆ ಆ ಕಂಪನಿಯ ಗಾಡಿಗೆಂದೇ ಮಾಡಿದ ಸ್ಕ್ಯಾನರ್ ಬೇಕಾಗುತ್ತದೆ. ಬೇಕಾದದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವೇ ದೋಷ ಹುಡುಕುವ ದಾರಿ.

ಇಲ್ಲಿ ನನ್ನ ತಪ್ಪಿನ ಕಥೆ ಹೇಳಬೇಕು. ಹೆಂಚು ತುಂಬಿ ಶಿರಸಿಗೆ ಹೋಗುವಾಗ ಗಾಡಿ ದೇವಿಮನೆಯಲ್ಲಿ ಎರಡನೇ ಗೇರಿಗೆ ಇಳಿಯತೊಡಗಿತು. ಎಂಜಿನ್ ಸೋತಿದೆ ಎಂದುಕೊಂಡು, ಲ್ಯಾಪ್‌ಟಾಪ್ ಹಿಡಿದು ಊರೂರು ತಿರುಗುವ ಒಬ್ಬರಿಂದ ಹೊಸ ಮ್ಯಾಪ್ ಹಾಕಿಸಿಕೊಂಡೆ. ಎರಡು ವಾರ ಗಾಡಿ ಹಾರಿತು. ಆಮೇಲೆ ಹಿಂದಿನ ಗಾಡಿಯವರು ಹಾರನ್ ಹೊಡೆದು ಬೈಯುವಷ್ಟು ಕಪ್ಪು ಹೊಗೆ. ಕುಮಟಾದ ಮೇಸ್ತ್ರಿಯೊಬ್ಬರು ಗಾಡಿಯ ಕೆಳಗೆ ತೂರಿ, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸಿನ ಸುತ್ತ ಎಣ್ಣೆಯ ಕಪ್ಪು ಜಿಡ್ಡನ್ನು ಬೆರಳಿಂದ ಒರೆಸಿ ತೋರಿಸಿ, “ಗಾಳಿ ಇಲ್ಲೇ ಸೋರ್ತಾ ಇದೆ, ಮೇಲಿಂದ ಡೀಸೆಲ್ ಸುರಿಸಿದ್ರೆ ಇನ್ನೆಂತ ಆಗ್ತದೆ ಮಾರಾಯ್ರೇ?” ಎಂದರು. ಮೂಲ ಫೈಲಿನ ಪ್ರತಿಯನ್ನು ಆ ತಿರುಗಾಡುವವರು ಇಟ್ಟುಕೊಂಡಿರಲಿಲ್ಲ, ನಾನೂ ಕೇಳಿರಲಿಲ್ಲ. ಕೊನೆಗೆ ಸರ್ವಿಸ್ ಸೆಂಟರಿನಲ್ಲಿ ಹಣ ತೆತ್ತು ಕಂಪನಿಯ ಫೈಲನ್ನೇ ಮತ್ತೆ ಹಾಕಿಸಬೇಕಾಯಿತು. ದೋಷ ಸರಿಯಾದದ್ದು ಒಂದು ಹೋಸು ಮತ್ತು ಎರಡು ಕ್ಲಿಪ್ಪುಗಳಿಂದ.

ಆ ಹೊಗೆಯ ಲೆಕ್ಕವನ್ನು ಬಿಡಿಸಿದರೆ ಟ್ಯೂನಿಂಗಿನ ಅರ್ಧ ವಿದ್ಯೆ ಅರ್ಥವಾಗುತ್ತದೆ. 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಗಾತ್ರ 625 ಸಿಸಿ. ಒಳಗಿನ ಗಾಳಿಯ ಒತ್ತಡ 200 ಕಿಲೋಪಾಸ್ಕಲ್, ಉಷ್ಣತೆ 50 ಡಿಗ್ರಿ ಇದ್ದರೆ ಒಂದು ಸಿಸಿ ಗಾಳಿಯ ತೂಕ ಸುಮಾರು 2.16 ಮಿಲಿಗ್ರಾಂ. ಸಿಲಿಂಡರು ನೂರಕ್ಕೆ ತೊಂಬತ್ತರಷ್ಟು ತುಂಬುತ್ತದೆ ಎಂದು ಹಿಡಿದರೆ ಪ್ರತಿ ಸಲ 1,215 ಮಿಲಿಗ್ರಾಂ ಗಾಳಿ ಒಳಗೆ ಬರುತ್ತದೆ. ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಅದರ ತೂಕದ ಸುಮಾರು 14.5 ಪಟ್ಟು ಗಾಳಿ ಸಾಕಾದರೂ, ನಿಜವಾದ ಎಂಜಿನ್ನಿನಲ್ಲಿ ಡೀಸೆಲ್ಲಿನ ಪ್ರತಿ ಹನಿಗೂ ಗಾಳಿ ಸರಿಯಾಗಿ ಬೆರೆಯುವಷ್ಟು ಸಮಯ ಇರುವುದಿಲ್ಲ, ಹಾಗಾಗಿ 18 ಪಟ್ಟಿಗಿಂತ ಕೆಳಗಿಳಿದರೆ ಹೊಗೆ ಶುರುವಾಗುತ್ತದೆ. 1,215ನ್ನು 18ರಿಂದ ಭಾಗಿಸಿದರೆ ಹೊಗೆಯಿಲ್ಲದೆ ಕೊಡಬಹುದಾದ ಡೀಸೆಲ್ 67 ಮಿಲಿಗ್ರಾಂ.

ಹೋಸ್ ಸೋರಿ ಒತ್ತಡ 160ಕ್ಕೆ ಇಳಿಯಿತೆನ್ನೋಣ. ಗಾಳಿ 972 ಮಿಲಿಗ್ರಾಂ ಆಗುತ್ತದೆ. ಇಸಿಯು ಒಳಗಿನ ಹೊಗೆಮಿತಿಯ ಮ್ಯಾಪು ಡೀಸೆಲ್ಲನ್ನು 54ಕ್ಕೆ ಇಳಿಸುತ್ತದೆ. ನೂರಕ್ಕೆ ಇಪ್ಪತ್ತು ಭಾಗ ಶಕ್ತಿ ಹೋಗಿ ಘಟ್ಟದಲ್ಲಿ ಗೇರ್ ಇಳಿಯುವುದಕ್ಕೆ ಕಾರಣ ಇದೇ. ಎಂಜಿನ್ ಸೋತಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಹೊಸ ಮ್ಯಾಪು ಆ ಮಿತಿಯನ್ನು ತೆಗೆದು ಮತ್ತೆ 67 ಸುರಿಯಿತು. 972ನ್ನು 67ರಿಂದ ಭಾಗಿಸಿ ನೋಡಿ: ಸರಿಯಾಗಿ 14.5. ಉರಿಯದ ಮಸಿ ಹೊಗೆಯಾಯಿತು, ಶಾಖವೆಲ್ಲ ಟರ್ಬೊ ಕಡೆಗೆ ಹೋಯಿತು. ಟರ್ಬೊಗೆ ಹೋಗುವ ಹೊಗೆಯ ಉಷ್ಣತೆ ದೀರ್ಘ ಏರಿನಲ್ಲಿ 700 ಡಿಗ್ರಿ ದಾಟಿ ನಿಲ್ಲುವುದು ಪಿಸ್ಟನ್ನಿಗೂ ಟರ್ಬೊಗೂ ಒಳ್ಳೆಯದಲ್ಲ.

ಆದ್ದರಿಂದ ಲಾಗಿನಲ್ಲಿ ಕಂಡ ಪ್ರತಿ ಕೊರತೆಗೂ ಮೊದಲು ಏರ್ ಫಿಲ್ಟರು, ಹೋಸು, ಕ್ಲಿಪ್ಪು, ಡೀಸೆಲ್ ಫಿಲ್ಟರು, ಕನೆಕ್ಟರು ನೋಡಿ. ಎವರೇಜು ಕಡಿಮೆಯಾಗಿದೆ ಎಂದು ಬರುವ ಗಾಡಿಗಳಲ್ಲಿ ಹೆಚ್ಚಿನವು ಈ ಹಂತದಲ್ಲೇ ಸರಿಯಾಗಿ ಮನೆಗೆ ಹೋಗುತ್ತವೆ ಎಂಬುದು ನಾನು ಕಂಡ ಮಾತು.

ಮೇಜಿನ ಮೇಲಿನ ಇಸಿಯು

ಓದಲು ಕೈ ಪಳಗಿದ ಮೇಲೆ ಗುಜರಿಯಿಂದ ನಿಮ್ಮ ಗಾಡಿಯ ಮಾದರಿಯದೇ ಹಳೆಯ ಇಸಿಯು ತನ್ನಿ. ಕರೆಂಟಿನ ಮಿತಿ ಇಡಬಹುದಾದ 12 ವೋಲ್ಟಿನ ಪವರ್ ಸಪ್ಲೈ ಬಳಸಿ, ಮಿತಿಯನ್ನು ಎರಡು ಮೂರು ಆಂಪಿಯರಿಗೆ ಇಟ್ಟು, ವೈರಿಂಗ್ ನಕ್ಷೆ ನೋಡಿ ಪವರ್, ಅರ್ಥ್, ಚಾವಿಯ ತಂತಿ ಮತ್ತು ಕ್ಯಾನ್ ತಂತಿಗಳನ್ನು ಜೋಡಿಸಿ. ಕ್ಯಾನ್ ತಂತಿಗೆ ರೆಸಿಸ್ಟರ್ ಹಾಕಲು ಮರೆಯಬೇಡಿ. ಮೊದಲ ಕೆಲಸ ಪೂರ್ತಿ ಫೈಲನ್ನು ಎರಡು ಸಲ ಓದಿ, ಎರಡೂ ಪ್ರತಿಗಳು ಬೈಟಿಗೆ ಬೈಟು ಒಂದೇ ಇವೆಯೇ ಎಂದು ಹೋಲಿಸುವುದು. ಬೇರೆ ಇದ್ದರೆ ಸಂಪರ್ಕ ಸರಿಯಿಲ್ಲ, ಬರೆಯುವ ಯೋಚನೆಯೇ ಬೇಡ. ಒಂದೇ ಇದ್ದರೆ ಆ ಮೂಲ ಪ್ರತಿಯನ್ನು ಮೂರು ಕಡೆ ಇಡಿ, ಅದರಲ್ಲಿ ಒಂದು ಲ್ಯಾಪ್‌ಟಾಪಿನಿಂದ ಹೊರಗಿರಲಿ.

ಬರೆಯುವಾಗ ವೋಲ್ಟೇಜು ಬಿದ್ದರೆ ಇಸಿಯು ಅರ್ಧಕ್ಕೆ ನಿಂತು ಸತ್ತಂತಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಗಾಳಿಗೆ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು. ಆದ್ದರಿಂದ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಇಸಿಯುಗೆ ಗೋಡೆಯ ಕರೆಂಟಿನ ಬದಲು ಪೂರ್ತಿ ಚಾರ್ಜಾದ ದೊಡ್ಡ ಬ್ಯಾಟರಿಯಿಂದ ಪವರ್ ಕೊಡಿ. ಮೂಲ ಫೈಲನ್ನೇ ಒಮ್ಮೆ ಹಾಗೇ ವಾಪಸ್ ಬರೆದು ನೋಡುವುದು ಮೊದಲ ಪಾಠ. ಆಮೇಲೆ ಒಂದೇ ಒಂದು ಬೈಟು ಬದಲಿಸಿ ಬರೆಯಿರಿ. ಸಾಫ್ಟ್‌ವೇರು ಚೆಕ್‌ಸಮ್ ಎಂಬ ಒಟ್ಟು ಮೊತ್ತದ ಲೆಕ್ಕವನ್ನು ಸರಿಪಡಿಸದಿದ್ದರೆ ಇಸಿಯು ಆ ಫೈಲನ್ನು ಒಪ್ಪುವುದಿಲ್ಲ. ಇದನ್ನು ಗುಜರಿ ಪೆಟ್ಟಿಗೆಯ ಮೇಲೆ ಕಲಿಯುವುದು ಅಗ್ಗ. ಕದ್ದ ಸಾಫ್ಟ್‌ವೇರು ಮತ್ತು ನಕಲಿ ಕೇಬಲ್‌ಗಳು ಕೈಕೊಡುವುದು ಬಹುಮಟ್ಟಿಗೆ ಇದೇ ಹಂತದಲ್ಲಿ.

ಫೈಲಿನೊಳಗೆ ಮ್ಯಾಪ್ ಹುಡುಕಲು ಟ್ಯೂನರ್‌ಪ್ರೊ, ವಿನ್ಓಎಲ್ಎಸ್ ಮುಂತಾದ ಸಾಫ್ಟ್‌ವೇರುಗಳಿವೆ. ಯಾವ ಮ್ಯಾಪು ಎಲ್ಲಿದೆ, ಯಾವ ಮಾನದಲ್ಲಿದೆ ಎಂದು ಹೇಳುವ ವಿವರಣಾ ಫೈಲು ಜೊತೆಗಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಅಂಕಿಗಳ ಏರಿಳಿತ ನೋಡಿ ಊಹಿಸಬೇಕು, ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ವಿಡಿಯೋ ಪಾಠಗಳಲ್ಲಿ ಬಹುಪಾಲು ಅಮೆರಿಕದ 6.6 ಲೀಟರಿನ ಡುರಾಮ್ಯಾಕ್ಸ್, 6.7 ಲೀಟರಿನ ಕಮಿನ್ಸ್ ಪಿಕಪ್‌ಗಳಿಗೆ ಸೇರಿದವು. ವಿಧಾನ ಕಲಿಯಲು ಅವು ಚೆನ್ನಾಗಿವೆ, ಅಂಕಿಗಳನ್ನು ಮಾತ್ರ ನಕಲು ಮಾಡಬೇಡಿ.

ಮ್ಯಾಪುಗಳ ಸರಪಳಿ

ಪೆಡಲ್ ಒತ್ತಿದಾಗ ಇಸಿಯು ಮೊದಲು ಚಾಲಕರ ಬೇಡಿಕೆಯ ಮ್ಯಾಪು ನೋಡುತ್ತದೆ. ಆಮೇಲೆ ಗೇರ್‌ಬಾಕ್ಸನ್ನು ಕಾಪಾಡುವ ಟಾರ್ಕ್ ಮಿತಿ, ಗಾಳಿಗೆ ತಕ್ಕ ಹೊಗೆಮಿತಿ, ಕೂಲಂಟ್ ಬಿಸಿಯಾದಾಗಿನ ಮಿತಿ, ಹೀಗೆ ಒಂದೊಂದನ್ನೂ ಕೇಳಿ, ಎಲ್ಲಕ್ಕಿಂತ ಕಡಿಮೆ ಹೇಳಿದ್ದನ್ನು ಪಾಲಿಸುತ್ತದೆ. ಒಂದು ಮ್ಯಾಪು ಏರಿಸಿದರೂ ಏನೂ ಬದಲಾಗದಿದ್ದರೆ ಬೇರೊಂದು ಮಿತಿ ಕೆಲಸ ಮಾಡುತ್ತಿದೆ ಎಂದರ್ಥ. ಅದು ಯಾವುದೆಂದು ಲಾಗಿನಲ್ಲಿ ಹುಡುಕಬೇಕೇ ಹೊರತು ಎಲ್ಲವನ್ನೂ ಒಟ್ಟಿಗೆ ಏರಿಸಬಾರದು.

ಸರಪಳಿಯ ಕೊನೆಯಲ್ಲಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬ ಮ್ಯಾಪು ಇರುತ್ತದೆ. ಬೇಕಾದ ಡೀಸೆಲ್ ಮತ್ತು ರೈಲ್ ಒತ್ತಡ ಕೊಟ್ಟರೆ ಅದು ಮೈಕ್ರೊಸೆಕೆಂಡುಗಳಲ್ಲಿ ಉತ್ತರ ಕೊಡುತ್ತದೆ. ಅವಸರದವರು ಕೈ ಹಾಕುವುದು ಇದಕ್ಕೇ. ಇದನ್ನು ಹಿಗ್ಗಿಸಿದರೆ ಇಸಿಯು 60 ಕೊಟ್ಟೆ ಎಂದು ತಿಳಿದಿರುವಾಗ ಎಂಜಿನ್ನಿಗೆ 70 ಹೋಗುತ್ತದೆ, ಹೊಗೆಮಿತಿ, ಟಾರ್ಕ್ ಮಿತಿ ಎಲ್ಲವೂ ಸುಳ್ಳು ಲೆಕ್ಕದ ಮೇಲೆ ನಿಲ್ಲುತ್ತವೆ. ರೈಲ್ ಸೆನ್ಸರಿನ ತಂತಿಯ ಮಧ್ಯೆ ಸಿಕ್ಕಿಸುವ ಡಬ್ಬಿಗಳು ಮಾಡುವುದೂ ಇದೇ ಮೋಸವನ್ನು. ಅವು ಒತ್ತಡ ಕಡಿಮೆಯಿದೆಯೆಂದು ಇಸಿಯುಗೆ ಹೇಳಿ ಪಂಪಿನಿಂದ ಹೆಚ್ಚು ಹೊಡೆಸುತ್ತವೆ.

ತೋಟದ ಗಾಡಿಯಲ್ಲಿ ಪ್ರಯತ್ನಿಸುವಾಗ ಒಂದು ಸಲಕ್ಕೆ ಒಂದೇ ಮ್ಯಾಪು, ಅದರಲ್ಲೂ ನೂರಕ್ಕೆ ಎರಡು ಮೂರು ಭಾಗ ಮಾತ್ರ. ಕೋಷ್ಟಕದ ಒಂದು ಮನೆಯ ಅಂಕಿ ಏರಿಸಿದರೆ ಪಕ್ಕದ ಮನೆಗಳನ್ನೂ ಇಳಿಜಾರಾಗಿ ಹೊಂದಿಸಿ, ಇಲ್ಲದಿದ್ದರೆ ಆ ವೇಗ ಬಂದಾಗ ಗಾಡಿ ಜಗ್ಗುತ್ತದೆ. ಗಾಳಿ ಮತ್ತು ಡೀಸೆಲ್ಲಿನ ಅನುಪಾತ 18ಕ್ಕಿಂತ ಇಳಿಯಬಾರದು, ರೈಲಿನ ಗರಿಷ್ಠ ಒತ್ತಡದ ಮ್ಯಾಪನ್ನು ಮುಟ್ಟಲೇಬಾರದು. ಪ್ರತಿ ಬದಲಾವಣೆಯ ನಂತರವೂ ಅದೇ ಏರು, ಅದೇ ಭಾರ, ಅದೇ ಆರು ಅಂಕಿಗಳ ಲಾಗ್ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಕೂಲಂಟ್ ಉಷ್ಣತೆ ಮೊದಲಿಗಿಂತ ಐದಾರು ಡಿಗ್ರಿ ಹೆಚ್ಚು ಬಂದರೆ ಹಿಂದಿನ ಫೈಲಿಗೆ ಮರಳಿ.

ಫೈಲಿನ ಹೆಸರಿನಲ್ಲೇ ದಿನಾಂಕ, ಗಾಡಿ ಮತ್ತು ಏನು ಬದಲಿಸಿದೆ ಎಂಬುದನ್ನು ಬರೆಯಿರಿ. ‘ಹೊಸದು’, ‘ಹೊಸದು 2’, ‘ಕೊನೆಯದು’ ಎಂಬ ಹೆಸರಿನ ಫೈಲುಗಳಲ್ಲಿ ಯಾವುದು ಗಾಡಿಯೊಳಗಿದೆಯೆಂದು ಒಂದು ತಿಂಗಳ ನಂತರ ನಿಮಗೇ ತಿಳಿಯುವುದಿಲ್ಲ. ನಾನು ಒಂದು ನೋಟ್‌ಬುಕ್ಕನ್ನೂ ಗಾಡಿಯ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಅದರ ಮೊದಲ ಪುಟದಲ್ಲಿ ಹೋಸ್ ಬದಲಿಸಿದ ದಿನಾಂಕವೂ, ಆ ದಿನ ದೇವಿಮನೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಬಂದ ಗಾಳಿಯ ಒತ್ತಡ 198 ಎಂಬ ಅಂಕಿಯೂ ಇವೆ.